ಅಟ್ಟದ ಕೆಳಗಿನ ಉಸಿರು

ಬಿಳಿಗೆರೆ
14 ಜನವರಿ 2024

ರಹಮತ್,

ಕೆಳಗೆ ಉಸಿರಿದ್ದರೆ ಮೇಲೆ ಕೊಬ್ಬರಿ ಬೇಗ ಬಲಿಯುತ್ತದೆ ಎಂದು ಅಪ್ಪ ಅಂದದ್ದು ನಿಜ, ಆದರೆ ಮಾತು ಅಲ್ಲಿಗೆ ಮುಗಿದಿರಲಿಲ್ಲ. ಮೂರು ದಿನದಿಂದ ಅದರ ಇನ್ನರ್ಧವನ್ನು ಹುಡುಕುತ್ತಿದ್ದೇನೆ. ನಾವಿಬ್ಬರೂ ಅಟ್ಟದ ಏಣಿಯ ಮೇಲೆ ಕೂತಿದ್ದೆವು. ಅಪ್ಪ ಕೆಳಗೆ ಎತ್ತುಗಳಿಗೆ ಹುಲ್ಲು ಹಾಕುತ್ತಾ ಏನನ್ನೋ ಹೇಳತೊಡಗಿದ್ದರು. ಅಷ್ಟರಲ್ಲಿ ಅಮ್ಮ ಕರೆದಳು, ನಾನು ಎದ್ದುಹೋದೆ. ನೀನು ಅಲ್ಲೇ ಇದ್ದೆ.

ನಿನ್ನ ಕುರಿಗಳು ಮಾಯಸಂದ್ರದಿಂದ ಬಂದಿಳಿದವು. ಏಳು ಹೆಣ್ಣು, ಎರಡು ಟಗರು. ಚಿರತೆ ಕೊಂಡೊಯ್ದ ಮೂರರ ವಿಷಯ ನಿನಗೆ ಅಲ್ಲಿ ಸಾಕುತ್ತಿದ್ದವರೇ ಬರೆದಿರಬೇಕು. ಉಳಿದವು ಇನ್ನೂ ಬೆಚ್ಚುತ್ತಿವೆ, ತೆಂಗಿನ ಗರಿ ಬಿದ್ದರೂ ಒಂದರ ಮೇಲೊಂದು ಏರುತ್ತವೆ. ಒಪ್ಪಂದ ಹಳೆಯದೇ ಇರಲಿ: ಕುರಿ ನಿನ್ನದು, ತೋಟ ನನ್ನದು, ಹುಟ್ಟುವ ಮರಿ ಅರ್ಧ ಅರ್ಧ.

ತಿಪಟೂರಿನಲ್ಲಿ ಎರಡು ದಿನದ ಕುರಿ ಸಾಕಣೆ ತರಬೇತಿಗೆ ಹೋಗಿದ್ದೆ. ಧನ್ಯಶ್ರೀ ಎಂಬ ಹುಡುಗಿ ಬೋರ್ಡಿನ ನಡುವೆ ಒಂದು ಕುರಿ ಬರೆದು ಸುತ್ತ ಬಾಣ ಹಾಕಿದಳು. ‘ಹತ್ತು ಕುರಿ ಸಾಕಿ ಬರೀ ಮರಿ ನಂಬ್ಕೊಂಡ್ರೆ ಕೂಳಿಗೂ ಆಗಲ್ಲ ಕಣ್ರೀ’ ಅಂದಳು. ಮರಿ ಒಂದು ಬಾಣ, ಗೊಬ್ಬರ ಒಂದು, ಬೇರೆಯವರ ತೋಟದಲ್ಲಿ ಗೊಬ್ಬರ ಬೀಳಲೆಂದು ಬಾಡಿಗೆಗೆ ಮಂದೆ ಕೂರಿಸುವುದು ಇನ್ನೊಂದು. ಯಾರೂ ಕೊಳ್ಳದ ಒರಟು ಉಣ್ಣೆಯನ್ನು ತೆಂಗಿನ ಬುಡದಲ್ಲಿ ಹೂಳಿದರೆ ತೇವ ನಿಲ್ಲುತ್ತದಂತೆ. ನಾನು ಮನೆಗೆ ಬಂದು ನನ್ನ ಪುಸ್ತಕದಲ್ಲಿ ಅವಳ ಚಿತ್ರಕ್ಕೆ ಇನ್ನೊಂದು ಬಾಣ ಸೇರಿಸಿದೆ, ಕುರಿಯಿಂದ ಅಟ್ಟಕ್ಕೆ. ಅಪ್ಪನ ಮಾತು ನೆನಪಾದದ್ದೇ ಆಗ. ಕುರಿಯ ಬಿಸಿಗೆ ಕೊಬ್ಬರಿ ಎರಡು ತಿಂಗಳು ಮೊದಲೇ ಆದರೆ?

ಎತ್ತು ಮಾರಿದ ಮೇಲೆ ಅಟ್ಟದ ಕೆಳಗೆ ಬರಿದೇ ಇದೆ. ಕುರಿಯನ್ನು ಅಲ್ಲಿ ಕೂಡಬಹುದು, ಇಲ್ಲವೇ ತೋಟದ ಅಂಚಿಗೆ ತಂತಿಬಲೆಯ ಕೊಟ್ಟಿಗೆ ಹಾಕಬಹುದು. ಮೇಲೆ ಇಡೀ ವರ್ಷದ ಕಾಯಿ ಇದೆ, ನಮ್ಮ ಮನೆ ನಡೆಯುವುದು ಅದರಲ್ಲೇ. ಆದ್ದರಿಂದ ಕೇಳುತ್ತಿದ್ದೇನೆ.

ಫೋನ್ ಮಾಡಿದ್ದೆ. ಅಮ್ನಾ ಎತ್ತಿ, ‘ಅಬ್ಬಾಗೆ ಕೇಳ್ಸಲ್ಲ ಅಂಕಲ್, ಕಿವಿ ಮೆಷಿನ್ ಹಾಕಿದ್ರೆ ಬರೀ ಗುಂಯ್ ಅಂತದಂತೆ’ ಅಂದಳು. ಅಪ್ಪ ಮುಂದೆ ಏನು ಹೇಳಿದರು, ಬರಿ.

ಬೆಟ್ಟಸ್ವಾಮಿ


ಹರಿಹರ
29 ಜನವರಿ 2024

ಬೆಟ್ಟ,

ಆ ದಿನ ನನಗೆ ಚೆನ್ನಾಗಿ ನೆನಪಿದೆ. ನಿನ್ನ ಚಡ್ಡಿಗೆ ಏಣಿಯ ಮೊಳೆ ಸಿಕ್ಕಿ ಹರಿದಿತ್ತು, ಅದಕ್ಕೇ ನಿಮ್ಮಮ್ಮ ಕರೆದದ್ದು. ಎಡಗಡೆಯ ಎತ್ತಿಗೆ ಕೊಂಬು ಮುರಿದಿತ್ತು. ನೀನು ಹೋದ ಮೇಲೆ ನಿಮ್ಮಪ್ಪ ಕರಿಬಸವಯ್ಯನವರು ಸೊಂಟದ ಚೀಲ ಬಿಚ್ಚಿ ಎಲೆಅಡಿಕೆ ಹಾಕಿಕೊಂಡರು, ನನಗೂ ಒಂದು ಅಡಿಕೆ ಚೂರು ಕೊಟ್ಟರು. ಆಮೇಲೆ ಹೊರಗೆ ಹೋಗಿ ಉಗಿದು ಬಂದರು.

ಮಾತು ಅಷ್ಟೇ. ಮುಂದೆ ಏನೂ ಇರಲಿಲ್ಲ.

ಚಿರತೆಯ ವಿಷಯ ಮಾಯಸಂದ್ರದವರು ಬರೆದಿದ್ದರು. ಮೂರನೆಯದರ ತಲೆ ಮಾತ್ರ ಸಿಕ್ಕಿತಂತೆ. ಅವರೂ ತಂತಿಬಲೆಯನ್ನೇ ಕಟ್ಟಿದ್ದರು ಬೆಟ್ಟ. ಲೇತ್ ಮಾರಿ ಕೊಂಡ ಕುರಿಗಳು ಅವು. ಮೂವತ್ತು ವರ್ಷ ಅದರ ಮುಂದೆ ನಿಂತು ಕಿವಿ ಕಳಕೊಂಡೆ, ಈಗ ಅದರ ಬದಲಿಗೆ ಒಂಬತ್ತು ಜೀವ ಇವೆ. ನನ್ನದು ಅಂತ ಇರುವುದು ಅಷ್ಟೇ. ಅಳಿಯ ಉಮರ್ ಫಾರೂಖ್ ಒಳ್ಳೆಯ ಹುಡುಗ. ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಮೊದಲು ಬಡಿಸುತ್ತಾನೆ. ಒಳ್ಳೆಯವನಾದದ್ದೇ ಕಷ್ಟ. ಕೆಟ್ಟವನಾಗಿದ್ದರೆ ಜಗಳವಾಡಿ ಎದ್ದು ಬರಬಹುದಿತ್ತು.

ಅಟ್ಟದ ಕೆಳಗೇ ಇರಲಿ. ಅಲ್ಲಿ ಕಲ್ಲಿನ ಗೋಡೆ ಇದೆ, ಬಾಗಿಲಿದೆ.

ನೀನು ಬರೆಯುವುದಿದ್ದರೆ ಕಾಗದದಲ್ಲೇ ಬರಿ. ಅಮ್ನಾಳ ಫೋನಿಗೆ ಕಳಿಸಿದರೆ ಮನೆಯವರೆಲ್ಲ ಓದಿ ಆದ ಮೇಲೆ ನನ್ನ ಕೈಗೆ ಬರುತ್ತದೆ.

ರಹಮತುಲ್ಲಾ


ಬಿಳಿಗೆರೆ
22 ಫೆಬ್ರವರಿ 2024

ರಹಮತ್,

ನಿನ್ನ ಕಾಗದ ಬಂತು. ಚಡ್ಡಿ ಹರಿದದ್ದು ನನಗೆ ಮರೆತೇಹೋಗಿತ್ತು. ನಿನಗೆ ಎಷ್ಟೊಂದು ನೆನಪಿರುತ್ತದೆ.

ಅಟ್ಟದ ಕೆಳಗೆ ಸುಣ್ಣ ಹೊಡೆದಾಯಿತು. ಆಳುಗಳು ಕಂಬದ ಹಿಂಬದಿ ಬಿಟ್ಟುಬಿಡುತ್ತಾರೆ ಎಂದು ನಾನೇ ಹೊಡೆದೆ. ಐವತ್ತು ವರ್ಷದಿಂದ ಆ ಕಂಬಗಳನ್ನು ನೋಡುತ್ತಿದ್ದೇನೆ, ಹಿಂದಕ್ಕೆ ಹೋಗಿ ನೋಡಿರಲಿಲ್ಲ. ಈಗ ಕುರಿಗಳು ಒಳಗಿವೆ. ಮೊದಲ ದಿನ ಯಾವುದೂ ಮಲಗಲಿಲ್ಲ. ಎರಡನೆಯ ದಿನ ಒಂದು ಮಲಗಿತು, ಮಿಕ್ಕವು ಅದರ ಮೇಲೆ ಗದ್ದ ಇಟ್ಟು ಮಲಗಿದವು.

ಊರಿನವರಿಗೆ ಒಂದು ತಮಾಷೆ ಸಿಕ್ಕಿದೆ. ಪಕ್ಕದ ತೋಟದ ಮರುಳಪ್ಪ ದಿನಾ ಬೇಲಿಯ ಹತ್ತಿರ ನಿಂತು ಕೇಳುತ್ತಾನೆ: ‘ಏನ್ ಸ್ವಾಮ್ಯೋರೆ, ವಿಭೂತಿ ಸಾಕಾಯ್ತಾ? ಕರಿ ಕಂಬಳಿ ಯಾವಾಗ ಹೊದ್ಕೋತೀರಾ?’ ಅದಕ್ಕೆ ಗಿರಿಜ ಒಳಗಿನಿಂದ ಕೂಗುತ್ತಾಳೆ: ‘ನಿಂಗೂ ಒಂದ್ ನೇಯಿಸ್ಕೊಡ್ತೀವಿ ಬುಡು, ಚಳೀಲಿ ಬೇಲಿ ತಾವ ನಿಂತು ನಿಂತು ಸೀತ ಆದಾತು!’ ಅವಳು ಈ ಕೆಲಸಕ್ಕೆ ಒಪ್ಪಿದವಳಲ್ಲ. ಆದರೆ ಬೇರೆಯವರು ಬೈದರೆ ನನ್ನ ಕಡೆಗೇ ನಿಲ್ಲುತ್ತಾಳೆ.

ನಾಲ್ಕು ಮರಿ ಹುಟ್ಟಿವೆ. ಎರಡು ನಿನ್ನವು.

ಒಂದು ಮಾತು ಸುಮ್ಮನೆ ಕೇಳುತ್ತೇನೆ. ನಮ್ಮಪ್ಪನ ಕೈಬರಹ ನಿನಗೆ ನೆನಪಿದೆಯಾ? ನಿನಗೊಮ್ಮೆ ಸೈಕಲ್ ಅಂಗಡಿಗೆ ಚೀಟಿ ಬರೆದುಕೊಟ್ಟಿದ್ದರು. ಅಕ್ಷರ ಬಲಕ್ಕೆ ವಾಲುತ್ತಿತ್ತು.

ಬೆಟ್ಟಸ್ವಾಮಿ


ಹರಿಹರ
6 ಮೇ 2024

ಬೆಟ್ಟ,

ಬರೆಯುವುದು ತಡವಾಯಿತು. ಅಮ್ನಾಳಿಗೆ ಮಗುವಾಯಿತು, ಹೆಣ್ಣು. ಮೆಹರೀನ್ ಎಂದು ಹೆಸರಿಟ್ಟಿದ್ದಾರೆ. ಅದು ಅಳುವಾಗ ಎಲ್ಲರೂ ಓಡುತ್ತಾರೆ, ನಾನು ಅವರ ಕಾಲು ನೋಡಿ ತಿಳಿದುಕೊಳ್ಳುತ್ತೇನೆ. ಮಗುವಿನ ಎದೆಯ ಮೇಲೆ ಕೈಯಿಟ್ಟರೆ ಅಳು ಕೈಗೆ ಗೊತ್ತಾಗುತ್ತದೆ. ಎಂಜಿನ್ನಿನ ಮೇಲೆ ಕೈಯಿಟ್ಟು ಯಾವ ಸಿಲಿಂಡರ್ ಹೊಡೆಯುತ್ತಿಲ್ಲ ಎಂದು ಹೇಳುತ್ತಿದ್ದೆನಲ್ಲ, ಹಾಗೆ.

ಬಕ್ರೀದಿಗೆ ಟಗರುಗಳನ್ನು ತೆಗೆದುಕೊಳ್ಳಲು ಭಾವಮೈದ ಇಸ್ರಾರ್ ತಿಪಟೂರಿನಿಂದ ಬರುತ್ತಾನೆ. ನೀನು ಮಾತಾಡುವುದು ಬೇಡ, ನಿನಗೆ ಅದು ಕಷ್ಟ. ಹಗ್ಗ ಕೈಗೆ ಕೊಟ್ಟರೆ ಸಾಕು. ಬಂದದ್ದರಲ್ಲಿ ನಿನ್ನ ಮೇವಿನ ಪಾಲು ಇಟ್ಟುಕೋ. ನನ್ನದನ್ನು ಕಳಿಸಿದರೆ ಮಗುವಿಗೆ ಬೆಳ್ಳಿ ಕಾಲ್ಗಡಗ ಮಾಡಿಸುತ್ತೇನೆ. ತಾತ ಮಾಡಿಸಿದ್ದು ಎಂದು ಇರಲಿ.

ನೀನು ಕೇಳಿದ್ದಕ್ಕೆಲ್ಲ ಉತ್ತರ ಬರೆದಿದ್ದೇನೆ ಅಂದುಕೊಂಡಿದ್ದೇನೆ.

ರಹಮತುಲ್ಲಾ


ಬಿಳಿಗೆರೆ
19 ಜೂನ್ 2024

ರಹಮತ್,

ಟಗರುಗಳು ಹೋದವು. ಇಸ್ರಾರ್ ಬಾಯಿ ಬಿಡಿಸಿ ನೋಡಿ, ‘ಹಲ್ಲಾಗೈತೆ, ಒಳ್ಳೇ ಸಾಕಿದೀರಾ ಸ್ವಾಮಿ, ನಮ್ ಬಾವ ಸಾಕಿದ್ರೂ ಹಿಂಗಾಗ್ತಿರ್ಲಿಲ್ಲ’ ಅಂದ. ಗಿರಿಜ ಎರಡಕ್ಕೂ ಒಂದೊಂದು ಹಿಡಿ ನೆನೆಸಿದ ಹುರುಳಿ ತಿನ್ನಿಸಿದಳು. ಗಾಡಿಗೆ ಹತ್ತಿಸುವಾಗ, ‘ಎಳೀಬ್ಯಾಡ ಕಣಪ್ಪ, ಕರೆದ್ರೆ ತಾವೇ ಬತ್ತವೆ’ ಅಂದಳು. ಕರೆದಳು, ಬಂದವು. ನಾನು ತೋಟದ ಆ ತುದಿಯಲ್ಲಿದ್ದೆ. ಅಲ್ಲಿ ನನಗೆ ಕೆಲಸವೇನೂ ಇರಲಿಲ್ಲ. ನಿನ್ನ ಪಾಲು ಇಸ್ರಾರ್ ತಂದುಕೊಡುತ್ತಾನೆ.

ನಾಡಿದ್ದು ಆರಿದ್ರೆ ಮಳೆ ಹುಟ್ಟುತ್ತದೆ. ಮೋಡ ಈಗಲೇ ಅಟ್ಟದ ಹೆಂಚಿನ ಮಟ್ಟಕ್ಕೆ ಇಳಿದಂತಿದೆ. ಕಾಯಿ ಇಲ್ಲಿಯವರೆಗೆ ಚೆನ್ನಾಗಿವೆ, ನೀರು ಇಂಗುತ್ತಿದೆ, ಹೋದ ವರ್ಷಕ್ಕಿಂತ ಬೇಗ. ಅಪ್ಪನ ಮಾತು ಸುಳ್ಳಲ್ಲ.

ಇನ್ನೊಂದು ಸಲ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಕುರಿಗಳು ಒಳಗೇ ಇರಲೋ, ಮಳೆ ಮುಗಿಯುವವರೆಗೆ ಹೊರಗೆ ಹಾಕಲೋ? ಹೊನ್ನವಳ್ಳಿ ದಾರಿಯಲ್ಲಿ ಮೊನ್ನೆ ಚಿರತೆ ಕಂಡಿತಂತೆ. ಅದನ್ನು ನಿನಗೆ ಹೇಳದೆ ಕೇಳಿದರೆ ತಪ್ಪಾಗುತ್ತದೆ. ಕುರಿ ನಿನ್ನದು. ನೀನು ಬರೆದಂತೆ ಮಾಡುತ್ತೇನೆ.

ಬೆಟ್ಟಸ್ವಾಮಿ


ಹರಿಹರ
26 ಜೂನ್ 2024

ಬೆಟ್ಟ,

ಒಳಗೇ ಇರಲಿ.

ಕಾಲ್ಗಡಗ ಮಾಡಿಸಿದೆ. ಮಗು ಒದ್ದಾಗ ಅದರ ಗೆಜ್ಜೆ ಸದ್ದು ಮಾಡುತ್ತದಂತೆ.

ರಹಮತುಲ್ಲಾ


ಬಿಳಿಗೆರೆ
18 ನವೆಂಬರ್ 2024

ರಹಮತ್,

ಐದು ತಿಂಗಳಾಯಿತು. ಇಬ್ಬರೂ ಬರೆಯಲಿಲ್ಲ.

ಮೊದಲು ಒಳ್ಳೆಯದು ಬರೆಯುತ್ತೇನೆ. ಈಗ ದೊಡ್ಡವು, ಮರಿ ಸೇರಿ ಹದಿನೇಳು. ಮಂದೆ ಕೂರಿಸುತ್ತೇನೆ ಎಂದಾಗ ಮರುಳಪ್ಪ, ‘ಹದಿನೇಳು ಕುರೀನಾ? ನಮ್ ಒಂದ್ ತೆಂಗಿನ ಪಾತಿಗೆ ಸಾಲಲ್ಲ ಬುಡಿ’ ಎಂದು ನಕ್ಕಿದ್ದ. ನಾನು ದಿನಕ್ಕೆ ಎರಡೇ ಮರ ಹಿಡಿದು, ಬುಡದ ಸುತ್ತ ಬಲೆ ಕಟ್ಟಿ ಕೂರಿಸಿದೆ. ಎರಡು ತಿಂಗಳಲ್ಲಿ ಅವನದೇ ತೋಟದ ಗರಿಯ ಬಣ್ಣ ಬದಲಾಯಿತು. ಈಗ ಅವನೇ ಬೇರೆಯವರಿಗೆ ಹೇಳಿ ಕರೆಸುತ್ತಾನೆ. ಉಣ್ಣೆ ಹೂತ ಮರಗಳ ಬುಡದಲ್ಲಿ ಮಣ್ಣು ಕೈಗೆ ತಂಪಾಗಿ ಸಿಗುತ್ತದೆ. ಧನ್ಯಶ್ರೀಯ ಬಾಣಗಳು ಒಂದೊಂದಾಗಿ ನಾಟುತ್ತಿವೆ.

ಅಟ್ಟದ ವಿಷಯ. ಈ ಸಲ ಮಳೆ ಬಿಟ್ಟುಬಿಟ್ಟು ದೀಪಾವಳಿಯವರೆಗೂ ಬಂತು. ಕುರಿಗಳ ಮೈಯಿಂದ ಬೆಳಗ್ಗೆ ಹಬೆ ಏಳುತ್ತದೆ. ಅಟ್ಟದ ಬಿದಿರಿನ ಕೆಳಮೈಗೆ ಹನಿ ಕಟ್ಟಿ ಸಾಲಾಗಿ ನಿಂತಿರುತ್ತದೆ, ಬೀಳುವುದಿಲ್ಲ. ಗಿರಿಜ ಮೇಲೆ ಹೋಗಿ ಬಂದವಳು, ‘ಅದೇನೋ ಕಣ್ಣುರಿಯೋ ವಾಸ್ನೆ ಕಣ್ರೀ’ ಎಂದಳು. ಈ ಹೊತ್ತಿಗೆ ಕಾಯಿ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಿಟುಕು ಬಿಟ್ಟುಕೊಂಡು ಲೊಟಲೊಟ ಅನ್ನಬೇಕು. ಇಪ್ಪತ್ತು ಕಾಯಿ ಅಲ್ಲಾಡಿಸಿದೆ. ಎರಡು ಅಂದವು.

ಸಿಪ್ಪೆ ಸುಲಿದು ಒಡೆಯುವವರೆಗೆ ಯಾವುದೂ ನಿಜವಲ್ಲ. ಕಾಯುತ್ತೇನೆ.

ಬೆಟ್ಟಸ್ವಾಮಿ


ಬಿಳಿಗೆರೆ
24 ಜನವರಿ 2025

ರಹಮತ್,

ನಿನ್ನ ಉತ್ತರ ಬರಲಿಲ್ಲ. ಅಂಚೆ ತಪ್ಪಿರಬೇಕು.

ಕಾಯಿ ಸುಲಿಸಿದೆ. ಭೀಮರಾಜು ಮತ್ತು ಇಬ್ಬರು ಬಂದಿದ್ದರು. ಮೊದಲನೆಯ ಕಾಯಿ ಒಡೆದು ಭೀಮರಾಜು ಮೂಸಿದ, ಎರಡನೆಯದು ಒಡೆದ, ಐದಾರು ಒಡೆದು ಮೇಲೆದ್ದು, ‘ಇದೇನ್ ಸ್ವಾಮಿ, ಅಟ್ಟಾನೋ ತಿಪ್ಪೇನೋ?’ ಅಂದ. ಆಮೇಲೆ ನನ್ನ ಮುಖ ನೋಡಿ, ಸಂಜೆಯವರೆಗೆ ತಲೆ ಎತ್ತದೆ ಸುಲಿದ. ನಾಲ್ಕರಲ್ಲಿ ಮೂರು ಕೌಟು, ಕೆಟ್ಟ ನಾತ. ಕೆಲವು ಚಿಪ್ಪಿಗೆ ಅಂಟಿ ಕಪ್ಪಗಾಗಿದ್ದವು, ಕೆಲವು ಒಳಗೇ ಮೊಳೆತು ಕೊಳೆತಿದ್ದವು. ಉಂಡೆ ಕೊಬ್ಬರಿ ಅಂತ ಮಾರುಕಟ್ಟೆಗೆ ಹಾಕುವಂಥದ್ದು ಹತ್ತು ಚೀಲವೂ ಆಗಲಿಲ್ಲ. ಮಿಕ್ಕದ್ದು ಎಣ್ಣೆ ಗಾಣದವನು ಮುಖ ಸಿಂಡರಿಸಿಕೊಂಡು ತೆಗೆದುಕೊಂಡ.

ಧನ್ಯಶ್ರೀ ಬಂದಿದ್ದಳು. ಕುರಿ, ಪಾತಿ, ಉಣ್ಣೆ ಎಲ್ಲ ನೋಡಿ ಸಂತೋಷಪಟ್ಟು, ಅಟ್ಟದ ಹತ್ತಿರ ಬಂದಾಗ ಮೂಗಿಗೆ ಕೈ ಅಡ್ಡ ಹಿಡಿದಳು. ನನ್ನ ಪುಸ್ತಕದ ಚಿತ್ರ ನೋಡಿ ‘ಈ ಬಾಣ ಯಾರ್ ಹಾಕಿದ್ದು ಸರ್?’ ಎಂದು ಕೇಳಿದಳು. ನಾನೇ ಅಂದೆ.

ಈ ವರ್ಷ ಕುರಿಯಿಂದಲೇ ಮನೆ ನಡೆಯಬೇಕು. ನಡೆಯಬಹುದು, ಕುಂಟುತ್ತಾ. ಅಟ್ಟ ನಂಬಿದ ಮನೆ ಒಂದು ವರ್ಷ ಅಟ್ಟದ ಕೆಳಗಿನದನ್ನು ನಂಬಿ ಇರುತ್ತದೆ.

ನಿನ್ನ ಕುರಿಗಳೆಲ್ಲ ಕ್ಷೇಮ. ಒಂದನ್ನೂ ಕಳೆದಿಲ್ಲ. ಅದನ್ನು ತಿಳಿಸಲೆಂದೇ ಈ ಕಾಗದ.

ಬೆಟ್ಟಸ್ವಾಮಿ


ಬಿಳಿಗೆರೆ, ನಿನ್ನ ಅಟ್ಟದ ಕೆಳಗೆ
9 ಫೆಬ್ರವರಿ 2025

ಬೆಟ್ಟ,

ಹೇಳದೆ ಬಂದೆ. ಹೇಳಿದ್ದರೆ ಬರುತ್ತಿರಲಿಲ್ಲ. ಹರಿಹರದಿಂದ ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದೆ. ಎಂಜಿನ್ನಿನ ನಡುಕ ಹಲ್ಲಿನವರೆಗೂ ಬರುತ್ತಿತ್ತು. ನಿನ್ನೆದುರು ಹೇಳಬೇಕಾದದ್ದನ್ನು ಅದರ ತಾಳಕ್ಕೆ ಹೇಳಿಕೊಂಡು ಬಂದೆ. ಇಲ್ಲಿ ನೋಡಿದರೆ ನೀನಿಲ್ಲ. ಹೊನ್ನವಳ್ಳಿಯ ಯಾರದೋ ತೋಟದಲ್ಲಿ ಮಂದೆ ಕೂರಿಸಲು ಕುರಿ ಹೊಡೆದುಕೊಂಡು ಹೋಗಿದ್ದೀಯಂತೆ, ಬರಲು ಇನ್ನೂ ನಾಲ್ಕು ದಿನವಂತೆ. ಸಂಜೆಯ ಬಸ್ಸಿಗೆ ನಾನು ಹೋಗಬೇಕು. ಹೊನ್ನವಳ್ಳಿ ದೂರವಲ್ಲ, ನನಗೂ ಗೊತ್ತು.

ಗಿರಿಜಮ್ಮ ಮಜ್ಜಿಗೆ ಕೊಟ್ಟರು. ಬಾಯಿ ನೋಡಿ ತಿಳಿಯಲೆಂದು ನಿಧಾನವಾಗಿ ಮಾತಾಡಿದರು. ಬೈಯಲಿಲ್ಲ. ‘ನಿಮ್ ಕುರಿ ಚೆನ್ನಾಗವೆ ರಹಮತಣ್ಣ’ ಎಂದು ಎರಡು ಸಲ ಹೇಳಿದರು. ತೋಟದ ಅಂಚಿನ ಹೊಸ ಕೊಟ್ಟಿಗೆ ತೋರಿಸಿದರು. ಬಲೆ ಒಳ್ಳೆಯದು, ದಪ್ಪ ತಂತಿ, ಬುಡಕ್ಕೆ ಕಲ್ಲು ಹೂತಿದ್ದೀಯ. ಈಗ ತಂದದ್ದಾ ಎಂದು ಕೇಳಿದೆ. ‘ಎಲ್ಲಿ ಈಗ? ಹೋದ್ ಯುಗಾದಿಗೇ ತಂದಿದ್ರು. ಮಳೆಗಾಲಕ್ಕೆ ಬೇಕಾಯ್ತದೆ ಅಂದ್ರು. ಆಮ್ಯಾಕೆ ನಿಮ್ ಕಾಗದ ಬಂತು, ಸುತ್ತಿ ಮೂಲೆಗಿಟ್ರು’ ಎಂದರು.

ಹೇಳಬೇಕಾದದ್ದು ಇದು. ನೀನು ಎದ್ದುಹೋದ ಮೇಲೆ ಕರಿಬಸವಯ್ಯನವರು ಎಲೆಅಡಿಕೆ ಹಾಕಿಕೊಂಡು, ಉಗಿದು ಬಂದು, ಮುರುಕು ಕೊಂಬಿನ ಎತ್ತಿನ ಬೆನ್ನ ಮೇಲೆ ಕೈಯಿಟ್ಟು ನನಗೆ ಹೇಳಿದರು: ‘ಆರಿದ್ರೆ ಮಳೆಗೆ ಮುಂಚೆ ಮಾತ್ರ ಇವನ್ನ ಹೊರಕ್ಕಾಕ್ಬೇಕು ಕಣ್ಲಾ. ಒದ್ದೆ ಉಸ್ರು ಕಾಯ್ಗೆ ಆಗಲ್ಲ.’ ಒಂದಕ್ಷರವೂ ಮರೆತಿರಲಿಲ್ಲ. ಜನವರಿಯಲ್ಲಿ ಮರೆತಿರಲಿಲ್ಲ, ಜೂನಿನಲ್ಲೂ ಮರೆತಿರಲಿಲ್ಲ. ನವೆಂಬರಿನ ನಿನ್ನ ಕಾಗದ ಅಂಚೆಯಲ್ಲಿ ತಪ್ಪಲಿಲ್ಲ, ಮೆಹರೀನಳ ತೊಟ್ಟಿಲ ಹಾಸಿಗೆಯ ಕೆಳಗಿತ್ತು. ಮಾಯಸಂದ್ರದವರು ತಲೆ ಮಾತ್ರ ಸಿಕ್ಕಿತು ಎಂದು ಬರೆದ ದಿನದಿಂದ ನನಗೆ ಕಲ್ಲಿನ ಗೋಡೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ಅಷ್ಟೇನೂ ಕೆಡಲಾರದು ಎಂದು ಹೇಳಿಕೊಂಡೆ. ನಂಬಿದ್ದೆ ಎಂದು ಬರೆಯುವುದಿಲ್ಲ.

ಆಮೇಲೆ ಅಟ್ಟ ಹತ್ತಿದೆ. ಏಣಿಯ ಮೊಳೆ ಇನ್ನೂ ಅಲ್ಲೇ ಇದೆ. ಮೂಲೆಯಲ್ಲಿ ಸುಲಿಯದೆ ಬಿಟ್ಟ ಹತ್ತಿಪ್ಪತ್ತು ಕಾಯಿ ಇದ್ದವು. ಒಂದನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಕಿವಿ ಬೇಕಿಲ್ಲ, ಗಿಟುಕು ಬಿಟ್ಟುಕೊಂಡಿದ್ದರೆ ಅಂಗೈಗೆ ತಟ್ಟುತ್ತದೆ. ಎಲ್ಲವನ್ನೂ ಅಲ್ಲಾಡಿಸಿದೆ. ಯಾವುದೂ ತಟ್ಟಲಿಲ್ಲ.

ಇಳಿದು ಬಂದು, ಕೂತು ಬರೆಯಲು ಜಾಗ ಹುಡುಕುತ್ತಾ ಹಿಂದಿನ ಕಂಬದ ಆಚೆಗೆ ಹೋದೆ. ಅಲ್ಲಿ, ಗೋಡೆಯ ಕಡೆಗೆ, ಕರಿಬಸವಯ್ಯನವರು ಗಾಡಿಯ ಕೀಲೆಣ್ಣೆಯಲ್ಲಿ ಬರೆದಿದ್ದಾರೆ: ‘ಆರಿದ್ರೆಗೆ ಮುಂಚೆ ದನ ಹೊರಕ್ಕೆ’. ಅಕ್ಷರ ಬಲಕ್ಕೆ ವಾಲಿವೆ. ನೀನು ಕೇಳಿದ್ದೆ, ನೆನಪಿದೆಯಾ ಎಂದು. ಮುದುಕನಾಗುತ್ತಿದ್ದಾನೆ, ಅಪ್ಪನ ನೆನಪಾಗಿದೆ ಅಂದುಕೊಂಡು ಮಗುವಿನ ವಿಷಯ ಬರೆದು ಕಳಿಸಿದೆ.

ಕಂಬವೆಲ್ಲ ಬೆಳ್ಳಗಿದೆ. ಅಕ್ಷರಗಳ ಮೇಲೆ ಮಾತ್ರ ಸುಣ್ಣವಿಲ್ಲ. ಕುಂಚ ಮೊದಲನೆಯ ಅಕ್ಷರದ ತಲೆಗೆ ಒಮ್ಮೆ ತಾಗಿ, ನಿಂತು, ಪಕ್ಕಕ್ಕೆ ಸರಿದಿದೆ. ಅಲ್ಲಿಂದ ಮುಂದೆ ಸುತ್ತಲೂ ಒಂದು ಬೆರಳು ಬಿಟ್ಟು ನೀಟಾಗಿ ಹೊಡೆದಿದ್ದೀಯ. ಲೇತಿನ ಮುಂದೆ ನಾನು ಸಹ ಅಷ್ಟು ನೀಟಾಗಿ ಕೆಲಸ ಮಾಡಿದವನಲ್ಲ.

ಅಂದರೆ ಜೂನಿನಲ್ಲಿ ನೀನು ಕೇಳಿದ್ದು ತಿಳಿಯಲು ಅಲ್ಲ. ನನಗೆ ಇನ್ನೊಂದು ಸಲ ಹೇಳುವ ಅವಕಾಶ ಕೊಟ್ಟಿದ್ದೆ. ನಾನು ಎರಡು ಪದ ಬರೆದೆ, ನೀನು ಬಲೆ ಸುತ್ತಿ ಮೂಲೆಗಿಟ್ಟೆ. ಅಷ್ಟು ನನಗೆ ಅರ್ಥವಾಗಿದೆ. ಅರ್ಥವಾಗದಿರುವುದು ಹೋದ ವರ್ಷದ ಜನವರಿಯದು. ಅಪ್ಪನ ಮಾತಿನ ಇನ್ನರ್ಧ ಗೊತ್ತಿಲ್ಲದೆ ನನ್ನನ್ನು ಕೇಳಿ, ನನ್ನ ಸುಳ್ಳನ್ನು ಓದಿ, ಆಮೇಲೆ ಇಲ್ಲಿಗೆ ಕುಂಚ ಹಿಡಿದು ಬಂದೆಯೋ, ಅಥವಾ ಇದನ್ನು ಓದಿಕೊಂಡೇ ನನಗೆ ಬರೆದೆಯೋ. ಎರಡರಲ್ಲಿ ಯಾವುದಾದರೆ ನನಗೆ ಕಡಿಮೆ ನೋವು ಎಂದು ಇಲ್ಲಿ ಕೂತು ಯೋಚಿಸುತ್ತಿದ್ದೇನೆ. ನಿನಗೆ ಯಾವುದರಲ್ಲಿ ಕಡಿಮೆ ಎಂದು ಯೋಚಿಸಬೇಕಿತ್ತು.

ಕುರಿಗಳನ್ನು ನೀನೇ ಇಟ್ಟುಕೋ, ಪಾಲು ಬೇಡ. ಗಿರಿಜಮ್ಮನಿಗೆ ಹೇಳಿದೆ. ‘ಅದ್ನ ನೀವಿಬ್ರೇ ಮಾತಾಡ್ಕಳಿ’ ಎಂದು ಲೋಟ ತೆಗೆದುಕೊಂಡು ಒಳಗೆ ಹೋದರು.

ಬಸ್ಸಿನ ಹೊತ್ತಾಯಿತು. ಕಾಗದವನ್ನು ಈ ಕಂಬಕ್ಕೇ ಸಿಕ್ಕಿಸಿ ಹೋಗುತ್ತೇನೆ. ಬೆಟ್ಟ, ನೀನು ಇಲ್ಲಿ ಸುಣ್ಣ ಹೊಡೆದದ್ದು ನನ್ನ ಉತ್ತರ ಬರುವುದಕ್ಕೆ ಮೊದಲೋ, ಆಮೇಲೋ?